ಹೋಲ್ಮತ್ ಉಸ್ತಾ ಮನೆಯಲ್ಲಿ ಹೇಳದ ಮಾತು

ಮರ್ಗಿಲಾನ್ ಊರಿನ ಹಳೇ ಪೇಟೆಯಲ್ಲಿ ಮರ ಕಡೆಯುವವರ ಬೀದಿ ಇದೆ. ಆ ಬೀದಿಯಲ್ಲಿ ಕೆಲಸ ಬಲ್ಲವರನ್ನೆಲ್ಲ ಉಸ್ತಾ ಎಂದೇ ಕರೆಯುತ್ತಾರೆ. ಆದರೆ ಹೆಸರು ಹೇಳದೆ ಬರೀ ಉಸ್ತಾ ಅಂದರೆ ಅದು ಹೋಲ್ಮತ್. ಅವನು ತೊಟ್ಟಿಲು ಮಾಡುವವನು. ಅವನ ಅಪ್ಪ, ಅಜ್ಜ ಮಾಡಿದ್ದೂ ಅದನ್ನೇ. ಅಂಗಡಿಯ ಹಿಂದೆಯೇ ಅಂಗಳ, ಅಂಗಳದಾಚೆ ಮನೆ.

ಅಲ್ಲಿಯ ತೊಟ್ಟಿಲು ತೂಗುಹಾಕುವಂಥದ್ದಲ್ಲ. ನೆಲದ ಮೇಲೆ, ಬಾಗಿದ ಎರಡು ಕಾಲುಪಟ್ಟಿಗಳ ಮೇಲೆ ನಿಲ್ಲುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಕೈ ಮೈಗೆ ಸೇರಿಸಿ, ಕಾಲು ನೇರ ಮಾಡಿ, ಅಗಲವಾದ ಎರಡು ಬಟ್ಟೆಪಟ್ಟಿಗಳಿಂದ ಬಿಗಿಯಾಗಿ ಕಟ್ಟುತ್ತಾರೆ. ಕಟ್ಟಿದ ಮಗು ಬೆಚ್ಚಿ ಬೀಳುವುದಿಲ್ಲ, ಹೊತ್ತುಗಟ್ಟಲೆ ನಿದ್ದೆ ಮಾಡುತ್ತದೆ. ಆ ಊರಿನಲ್ಲಿ ಹುಟ್ಟಿದವರೆಲ್ಲ ಹಾಗೇ ಮಲಗಿ ಬೆಳೆದವರು. ಹೋಲ್ಮತ್ ಹಿಪ್ಪುನೇರಳೆ ಮರ ತಂದು, ಎರಡು ವರ್ಷ ನೆರಳಲ್ಲಿ ಒಣಗಿಸಿ, ಕಂಬಗಳನ್ನು ಲೇತಿನಲ್ಲಿ ಕಡೆದು, ಕೆಂಪು ಹಳದಿ ಅರಗು ಹಚ್ಚುತ್ತಿದ್ದ.

ಮಾತು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಪಕ್ಕದಂಗಡಿಯಲ್ಲಿ ಲಟ್ಟಣಿಗೆ ಮಾಡುವ ತೋಜಿ ಬಂದವರಿಗೆಲ್ಲ ಹೇಳುತ್ತಿದ್ದ.

"ಉಸ್ತಾ ಹತ್ರ ಬೆಲೆ ಕೇಳೋಕೆ ಹೋಗ್ತೀರಾ? ಬುತ್ತಿ ಕಟ್ಕೊಂಡು ಹೋಗಿ. ಉತ್ತರ ಬರೋದು ಸಂಜೆಗೆ."

ಹೋಲ್ಮತ್‌ಗೆ ಒಬ್ಬನೇ ಮಗ, ಸಾಬಿರ್. ಬಾಡಿಗೆ ವ್ಯಾನು ಓಡಿಸುತ್ತಿದ್ದ. ಸೊಸೆ ಮವ್ಲುದಾ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದಳು. ಅವರಿಗೆ ಹೆಣ್ಣುಮಗು ಹುಟ್ಟಿತು. ಝೆಬೋ ಎಂದು ಹೆಸರಿಟ್ಟರು.

ಮೊದಲ ಮಗುವಿಗೆ ತೊಟ್ಟಿಲು ತರುವುದು ಸೊಸೆಯ ತವರಿನವರ ಕೆಲಸ. ಮವ್ಲುದಾಳ ತಾಯಿ ಬರ್ನೋಖಾನ್ ಬೀದಿ ಪೂರ್ತಿ ಸುತ್ತಿ, ಹತ್ತು ಅಂಗಡಿಯಲ್ಲಿ ಮೂಗು ಮುರಿದು, ಕೊನೆಗೆ ಬೀಗರ ಅಂಗಡಿಯ ಮುಂದೆಯೇ ಬಂದು ನಿಂತಳು.

"ಬೇರೆಯವರಿಗೆ ಹೇಳೋ ಬೆಲೆನೇ ನನಗೂ ಹೇಳ್ತೀರಾ ಬೀಗರೇ?"

"ಪುಕ್ಕಟೆ ಕೊಟ್ರೆ ಅದು ನಿಮ್ಮ ಉಡುಗೊರೆ ಆಗಲ್ಲ. ನಂದಾಗುತ್ತೆ" ಅಂದ ಹೋಲ್ಮತ್.

"ಅಯ್ಯೋ ದೇವರೇ! ಒಂದೇ ಉಸಿರಿಗೆ ಇಷ್ಟು ಮಾತು! ಓಯ್ನಿಸಾ, ಬನ್ರೀ ಇಲ್ಲಿ, ನಿಮ್ಮ ಯಜಮಾನ್ರಿಗೆ ಜ್ವರ ಬಂದಿದೆಯೇನೋ ಹಣೆ ಮುಟ್ಟಿ ನೋಡಿ!"

ಹೋಲ್ಮತ್‌ನ ಹೆಂಡತಿ ಓಯ್ನಿಸಾ ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತೊಟ್ಟಿಲು ಹೋಲ್ಮತ್‌ನ ಅಂಗಡಿಯಿಂದ ಬೀಗರ ಮನೆಗೆ ಹೋಯಿತು. ಮೂರು ದಿನದ ಮೇಲೆ ಮಿಠಾಯಿ, ಹಾಸಿಗೆ, ತಮಟೆಯ ಜೊತೆ ಮೆರವಣಿಗೆಯಲ್ಲಿ ಅವನ ಅಂಗಳಕ್ಕೇ ವಾಪಸು ಬಂತು. ಅದರ ಎಡಗಾಲಪಟ್ಟಿಯಲ್ಲಿ ಮರದ ಗಂಟೊಂದು ಇತ್ತು. ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ತೂಗಿದಾಗ ಟಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಮಗುವಿಗೆ ಆ ಸದ್ದೇ ಜೋಗುಳವಾಯಿತು.

ಒಂಬತ್ತು ತಿಂಗಳಾದಾಗ ಮವ್ಲುದಾ ಮಗುವಿನ ಬಟ್ಟೆ ಬದಲಿಸುತ್ತ ಎಡಗಾಲು ಸರಿಯಾಗಿ ಅಗಲವಾಗದಿರುವುದನ್ನು ಕಂಡಳು. ಎಡತೊಡೆಯಲ್ಲಿ ಒಂದು ಮಡಿಕೆ ಹೆಚ್ಚಾಗಿತ್ತು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ನುರಿದ್ದೀನ್ ಎಂಬ ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಸೊಂಟದ ಕೀಲು ತನ್ನ ಗುಣಿಯಲ್ಲಿ ಕೂತಿಲ್ಲ, ಆಪರೇಷನ್ ಮಾಡಿ ಕೂರಿಸಬೇಕು ಅಂದರು. ಸಾಬಿರ್‌ನನ್ನು ಎದುರಿಗೆ ಕೂರಿಸಿಕೊಂಡು ಇನ್ನೊಂದು ಮಾತೂ ಹೇಳಿದರು.

"ನಾವು ಎಷ್ಟೇ ಸರಿಯಾಗಿ ಕೂರಿಸಿದ್ರೂ ಹತ್ತರಲ್ಲಿ ಒಂದು ಮಗುಗೆ ಮತ್ತೆ ಜಾರುತ್ತೆ. ಇದನ್ನ ಈಗಲೇ ಕೇಳಿಸ್ಕೋ. ಆಮೇಲೆ ಹೇಳ್ಲಿಲ್ಲ ಅನ್ಬೇಡ."

ಸಾಬಿರ್ ತಲೆಯಾಡಿಸಿ ಸಹಿ ಹಾಕಿದ. ಮಗುವನ್ನು ಒಳಗೆ ಕರೆದೊಯ್ಯುವ ಆತುರದಲ್ಲಿದ್ದ ಅಪ್ಪನಿಗೆ ಹತ್ತರಲ್ಲಿ ಒಂದು ಎಂಬುದು ಬೇರೆ ಯಾರದೋ ಮಗು.

ಆಪರೇಷನ್ ಆಯಿತು. ಮೂರು ತಿಂಗಳು ಝೆಬೋ ಎದೆಯಿಂದ ಪಾದದವರೆಗೆ ಬಿಳಿ ಪ್ಲಾಸ್ಟರಿನಲ್ಲಿ, ಕಾಲು ಅಗಲಿಸಿಕೊಂಡು ಕಪ್ಪೆಯ ಹಾಗೆ ಮಲಗಿದ್ದಳು. ಪ್ಲಾಸ್ಟರು ತೆಗೆಯುವ ದಿನ ಸಾಬಿರ್ ಬಾಡಿಗೆಗೆ ಹೋಗಿದ್ದ. ಮವ್ಲುದಾ ಮಗುವಿನ ಜೊತೆ ಒಳಗಿದ್ದಳು. ಹೋಲ್ಮತ್ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಡಾಕ್ಟರು ಹೊರಗೆ ಬಂದು, ಎದೆಗೆ ಕೈಯಿಟ್ಟು ನಮಸ್ಕರಿಸಿ, ಅವನ ಪಕ್ಕದಲ್ಲೇ ಕೂತರು.

"ನನ್ನ ಮಗಳೂ ನಿಮ್ಮ ತೊಟ್ಟಿಲಲ್ಲೇ ಮಲಗಿದ್ದು, ಉಸ್ತಾ."

ಹೋಲ್ಮತ್ ತಾನೂ ಎದೆಗೆ ಕೈಯಿಟ್ಟ.

"ಈಗೊಂದು ಮಾತು. ನೀವು ಬೇಜಾರು ಮಾಡ್ಕೋಬಾರ್ದು. ಈ ಮಗೂನ ಮಾತ್ರ ತೊಟ್ಟಿಲಿಗೆ ಹಾಕ್ಬೇಡಿ. ನಾಲ್ಕು ತಿಂಗಳು ಕಾಲು ಅಗಲವಾಗೇ ಇರ್ಬೇಕು. ಅದಕ್ಕೆ ಒಂದು ಪಟ್ಟಿ ಕೊಡ್ತಿದ್ದೀವಿ, ತೊಡೆ ಮಧ್ಯ ಕೋಲು ಇರುತ್ತೆ. ಅದನ್ನ ಬಿಚ್ಚಿ, ಕಾಲು ನೇರ ಮಾಡಿ ಕಟ್ಟಿದ್ರೆ ಕೀಲು ಆಚೆ ಬರಬಹುದು. ಒಂದು ಗಂಟೆನೂ ಬೇಡ. ಮನೆ ಹೆಂಗಸರಿಗೆ ನೀವೇ ಹೇಳಿ. ದೊಡ್ಡವರು, ನಿಮ್ಮ ಮಾತು ಕೇಳ್ತಾರೆ."

"ಆಗ್ಲಿ" ಅಂದ ಹೋಲ್ಮತ್.

ಡಾಕ್ಟರು ಒಂದು ಕಾಗದವನ್ನೂ ಕೊಟ್ಟರು. ಅದು ರಷ್ಯನ್ ಭಾಷೆಯಲ್ಲಿತ್ತು. ಮನೆಯಲ್ಲಿ ಅದನ್ನು ಪೂರ್ತಿ ಓದಬಲ್ಲವರು ಯಾರೂ ಇರಲಿಲ್ಲ. ಹೋಲ್ಮತ್ ಅದನ್ನು ಮಡಿಸಿ ಟೋಪಿಯೊಳಗೆ ಇಟ್ಟುಕೊಂಡ.

ಮನೆಗೆ ಬಂದಾಗ ಅಂಗಳದಲ್ಲಿ ಪಕ್ಕದ ಹಳ್ಳಿಯ ಗಿರಾಕಿಗಳು ಕೂತಿದ್ದರು. ಅಜ್ಜಿ, ಸೊಸೆ, ಸೊಸೆಯ ತಾಯಿ. ಹೊಸ ತೊಟ್ಟಿಲೊಂದನ್ನು ತಟ್ಟಿ, ಮೂಸಿ ನೋಡುತ್ತಿದ್ದರು. ಓಯ್ನಿಸಾ ಓಡಿಬಂದು ಮಗುವನ್ನು ಎತ್ತಿಕೊಂಡಳು.

"ಡಾಕ್ಟರ್ ಏನಂದ್ರು ಸಾಬಿರನ ದಾದಾ?" ಅಪ್ಪನನ್ನು ಅಲ್ಲಿ ದಾದಾ ಎನ್ನುತ್ತಾರೆ. ಓಯ್ನಿಸಾ ಗಂಡನನ್ನು ಕರೆಯುತ್ತಿದ್ದುದೂ ಹಾಗೆಯೇ.

ಹೋಲ್ಮತ್ ಗಿರಾಕಿಗಳ ಕಡೆ ನೋಡಿದ. ಮೂವರೂ ಕಿವಿ ನಿಮಿರಿಸಿ ಕೂತಿದ್ದರು. ತೊಟ್ಟಿಲು ಕೊಳ್ಳಲು ಬಂದವರ ಎದುರು ತೊಟ್ಟಿಲು ಕೆಡುಕು ಎಂದು ತೊಟ್ಟಿಲು ಮಾಡುವವನೇ ಹೇಗೆ ಹೇಳುವುದು?

"ಪಟ್ಟಿ ಬಿಚ್ಚಬಾರದಂತೆ" ಅಂದ.

ಅದು ಸುಳ್ಳಲ್ಲ. ಅರ್ಧ ಮಾತು. ಉಳಿದರ್ಧ ಗಿರಾಕಿ ಹೋದ ಮೇಲೆ ಹೇಳಿದರಾಯಿತು ಅಂದುಕೊಂಡ. ಅವರು ಹೋದಾಗ ಊಟದ ಹೊತ್ತಾಗಿತ್ತು. ಮಾರನೆ ದಿನ ಮರದ ಗಾಡಿ ಬಂತು. ಅದರ ಮಾರನೆ ದಿನ, ಪಟ್ಟಿ ಇದ್ದರೆ ಮಗು ತೊಟ್ಟಿಲಲ್ಲಿ ಹಿಡಿಯುವುದೇ ಇಲ್ಲ, ಮತ್ತೆ ಹೇಳುವುದು ಏನಿದೆ ಎಂದು ತನಗೇ ಹೇಳಿಕೊಂಡ. ಹೇಳದೆ ಉಳಿದ ಮಾತು ದಿನ ಕಳೆದಂತೆ ಹೇಳಲು ಇನ್ನೂ ಕಷ್ಟವಾಯಿತು.

ಝೆಬೋಗೆ ಆ ಪಟ್ಟಿ ಒಗ್ಗಲಿಲ್ಲ. ಹಗಲೆಲ್ಲ ಅಳುತ್ತಿದ್ದಳು. ಓಯ್ನಿಸಾ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಿ ತಿರುಗಿ ಅವಳ ಮಂಡಿಯೇ ಊದಿಕೊಂಡಿತು. ಇಪ್ಪತ್ತು ದಿನವಾದ ಮೇಲೆ ಒಂದು ಮಧ್ಯಾಹ್ನ ಮಗುವಿನ ಅಳು ನಿಂತಿತು. ಲೇತಿನ ಮುಂದೆ ಕೂತಿದ್ದ ಹೋಲ್ಮತ್‌ಗೆ ಮೊದಲು ಸಮಾಧಾನವಾಯಿತು. ಆಮೇಲೆ ಸದ್ದು ಕೇಳಿಸಿತು.

ಟಕ್. ಟಕ್. ಟಕ್.

ಎಡಗಾಲಪಟ್ಟಿಯ ಗಂಟು. ನೂರು ತೊಟ್ಟಿಲ ನಡುವೆಯೂ ಅವನು ಆ ಸದ್ದನ್ನು ಗುರುತಿಸುತ್ತಿದ್ದ. ಆ ಊರಲ್ಲಿ ಖಾಲಿ ತೊಟ್ಟಿಲನ್ನು ಯಾರೂ ತೂಗುವುದಿಲ್ಲ. ತೂಗಿದರೆ ಮಗುವಿಗೆ ಕೇಡು ಎಂಬ ನಂಬಿಕೆ. ಆಟಕ್ಕೆ ಕೈಯಿಟ್ಟ ಮಕ್ಕಳಿಗೂ ಬೆನ್ನಿಗೆ ಗುದ್ದು ಬೀಳುತ್ತದೆ. ತೊಟ್ಟಿಲು ತೂಗುತ್ತಿದೆ ಅಂದರೆ ಒಳಗೆ ಮಗು ಇದೆ. ಮಗು ಇದೆ ಅಂದರೆ ಪಟ್ಟಿ ಬಿಚ್ಚಿದೆ, ಕಾಲು ನೇರವಾಗಿ ಕಟ್ಟಿದೆ.

ಹೋಲ್ಮತ್ ಲೇತು ನಿಲ್ಲಿಸಿ ಎದ್ದು ಬಾಗಿಲಿಗೆ ಬಂದ. ಚಿಲಕದ ಮೇಲೆ ಕೈಯಿಟ್ಟ. ಅಂಗಳ ದಾಟಿದರೆ ಹನ್ನೆರಡು ಹೆಜ್ಜೆ. ಹೋಗಿ ಏನು ಹೇಳುವುದು? ಇಪ್ಪತ್ತು ದಿನ ಯಾಕೆ ಹೇಳಲಿಲ್ಲ ಅಂದರೆ? ನನ್ನ ಅಜ್ಜ ಕಲಿಸಿದ ಕೆಲಸ ನನ್ನ ಮೊಮ್ಮಗಳ ಕಾಲು ಮುರಿಯುತ್ತದೆ ಅನ್ನುವುದೇ? ಡಾಕ್ಟರು ಯಾವಾಗಲೂ ಹೆಚ್ಚಾಗಿ ಹೆದರಿಸುತ್ತಾರೆ, ಒಂದು ನಿದ್ದೆಗೆ ಏನಾದೀತು ಎಂದೂ ಅನ್ನಿಸಿತು. ಅವನು ಹಿಂದಕ್ಕೆ ಬಂದು ಲೇತು ಹಾಕಿದ. ಲೇತಿನ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ.

ಆಮೇಲೆ ದಿನವೂ ಮಧ್ಯಾಹ್ನ ಅವನ ಲೇತು ನಿಲ್ಲದೆ ಓಡಿತು. ಮವ್ಲುದಾ ಕೆಲಸದಿಂದ ಬರುವ ಹೊತ್ತಿಗೆ ಮಗುವಿನ ಕಾಲಿಗೆ ಪಟ್ಟಿ ಇರುತ್ತಿತ್ತು.

ನಾಲ್ಕು ತಿಂಗಳು ಮುಗಿದು ಆಸ್ಪತ್ರೆಗೆ ಹೋದಾಗ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಜಾರಿದೆ" ಅಂದರು.

ಮವ್ಲುದಾ ಮಗುವಿನ ಎಡಗಾಲನ್ನು ಕೈಯಲ್ಲಿ ಹಿಡಿದುಕೊಂಡಳು. ಈಗ ಮೂಳೆ ಕತ್ತರಿಸಿ ಮಾಡುವ ಇನ್ನೂ ದೊಡ್ಡ ಆಪರೇಷನ್ ಬೇಕು, ತಾಷ್ಕೆಂಟಿಗೆ ಹೋಗಬೇಕು, ಆದರೂ ಕುಂಟು ಪೂರ್ತಿ ಹೋಗದಿರಬಹುದು ಎಂದರು ಡಾಕ್ಟರು.

ಸಾಬಿರ್ ಮನೆಗೆ ಬಂದವನೇ ಕೂಗಾಡಿದ.

"ಕೆಡಿಸಿದ್ದಾನೆ ಕಣಮ್ಮಾ! ಅವತ್ತೇ ಸರಿಯಾಗಿ ಕೂರಿಸಿಲ್ಲ. ನನ್ನ ಮಗಳ ಕಾಲು ಹಾಳು ಮಾಡಿ ಈಗ ತಾಷ್ಕೆಂಟಿಗೆ ಹೋಗು ಅಂತಾನೆ. ಬಿಡಲ್ಲ ನಾನು. ಅವನು ಇನ್ನೊಂದು ಮಗು ಮೇಲೆ ಚಾಕು ಇಡಬಾರದು, ಹಾಗೆ ಮಾಡ್ತೀನಿ." ಆಮೇಲೆ ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ. "ಅಮ್ಮಾ, ನೀನು ಪಟ್ಟಿ ಬಿಚ್ಚಿರ್ಲಿಲ್ಲ ತಾನೇ?"

"ಸ್ನಾನಕ್ಕೆ ಬಿಚ್ತಿದ್ದೆ ಅಷ್ಟೇ" ಅಂದಳು ಓಯ್ನಿಸಾ. ಅವಳು ಚಹಾದ ಕೆಟಲು ಎತ್ತಿಕೊಂಡು ಒಲೆಯ ಕಡೆ ಹೋದಳು.

ಹೋಲ್ಮತ್ ತನ್ನ ಬಟ್ಟಲಿನೊಳಗೆ ನೋಡುತ್ತ ಕೂತ.

ಸಾಬಿರ್ ದೂರು ಬರೆದುಕೊಟ್ಟ. ವಿಚಾರಣೆಗೆ ಬೇರೆ ಊರಿನಿಂದ ಮೂವರು ಡಾಕ್ಟರರು ಬಂದರು. ಆಸ್ಪತ್ರೆಯ ಒಂದು ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಕಡೆ ಅವರು, ಪಕ್ಕದಲ್ಲಿ ಬರೆದುಕೊಳ್ಳುವ ಹೆಂಗಸು. ಇನ್ನೊಂದು ಕಡೆ ಹೋಲ್ಮತ್‌ನ ಮನೆಯವರು. ನುರಿದ್ದೀನ್ ಡಾಕ್ಟರು ಕಿಟಕಿಯ ಹತ್ತಿರ ಒಬ್ಬರೇ ಕೂತಿದ್ದರು. ಮುಖ ಇಳಿದಿತ್ತು. ದೂರು ನಿಜವೆಂದಾದರೆ ಅವರನ್ನು ಆಪರೇಷನ್ ಮಾಡಲು ಬಿಡುವುದಿಲ್ಲ ಎಂದು ಊರೆಲ್ಲ ಮಾತಾಡುತ್ತಿತ್ತು.

ಬಂದವರಲ್ಲಿ ಹಿರಿಯರು ಎಕ್ಸ್‌ರೇಗಳನ್ನೆಲ್ಲ ಸಾಲಾಗಿ ಇಟ್ಟರು.

"ಆಪರೇಷನ್ ಆದ ದಿನ ಕೀಲು ಸರಿಯಾಗೇ ಕೂತಿದೆ. ಪ್ಲಾಸ್ಟರ್ ತೆಗೆದ ದಿನಾನೂ ಸರಿಯಾಗಿದೆ. ಆಮೇಲೆ ಜಾರಿದೆ."

"ಸರಿಯಾಗಿ ಕೂತಿದ್ರೆ ಯಾಕೆ ಜಾರುತ್ತೆ?" ಅಂದ ಸಾಬಿರ್. "ನಾನು ಟೈರು ಬದಲಾಯಿಸಿ ನಟ್ಟು ಸರಿಯಾಗಿ ಬಿಗಿಸಿದ್ರೆ ಅದು ದಾರೀಲಿ ಕಳಚ್ಕೊಳ್ಳುತ್ತಾ?"

"ಮಗು ಟೈರಲ್ಲಪ್ಪ. ಎಲ್ಲ ಸರಿ ಮಾಡಿದ್ರೂ ಕೆಡೋದುಂಟು. ಕೆಟ್ಟಿತು ಅಂದ ಮಾತ್ರಕ್ಕೆ ಕೆಡಿಸಿದ್ರು ಅಂತಲ್ಲ. ಮನೇಲಿ ಮಗೂನ ತೊಟ್ಟಿಲಿಗೆ ಕಟ್ಟಿದ್ರಾ?"

"ಇಲ್ಲ. ಕಟ್ಟಬಾರದು ಅಂತ ಯಾರೂ ಹೇಳಿಯೂ ಇಲ್ಲ."

ನುರಿದ್ದೀನ್ ಡಾಕ್ಟರು ತಲೆ ಎತ್ತಿದರು. "ಹೇಳಿದ್ದೀನಿ. ಅವರ ತಂದೆಗೆ ಹೇಳಿದ್ದೀನಿ."

ಸಾಬಿರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ನೋಡಿ ಎಂಥ ಸುಳ್ಳು! ನಮ್ಮ ದಾದಾಗೆ ಹೇಳಿದ್ರಂತೆ! ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ನಮ್ಮ ದಾದಾ ಮಾತು ಕಮ್ಮಿ ಆಡ್ತಾರೆ, ಮುಚ್ಚಿಡೋರಲ್ಲ. ಅಂಥ ಮಾತು ಕೇಳಿದ್ರೆ ಮನೇಲಿ ಹೇಳದೆ ಇರ್ತಿದ್ರಾ? ದಾದಾ, ನೀವೇ ಹೇಳಿ."

ಎಲ್ಲರೂ ಹೋಲ್ಮತ್‌ನ ಕಡೆ ತಿರುಗಿದರು. ಓಯ್ನಿಸಾ ಮಾತ್ರ ತಿರುಗಲಿಲ್ಲ. ಅವಳು ತನ್ನ ಕೈಗಳನ್ನು ನೋಡುತ್ತಿದ್ದಳು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಮಗ ಗೆಲ್ಲುತ್ತಿದ್ದ, ಹೆಂಡತಿ ಉಳಿಯುತ್ತಿದ್ದಳು. ಕಿಟಕಿಯ ಹತ್ತಿರ ಕೂತಿದ್ದವರು ಯಾರೋ ಹೊರಗಿನವರು. ಆದರೆ ಅವರ ಮಗಳೂ ಹೋಲ್ಮತ್‌ನ ತೊಟ್ಟಿಲಲ್ಲಿ ಮಲಗಿದವಳು.

"ಹೇಳಿದ್ರು" ಅಂದ ಹೋಲ್ಮತ್.

ಬರೆಯುತ್ತಿದ್ದ ಹೆಂಗಸಿನ ಪೆನ್ನು ನಿಂತಿತು.

"ಪೂರ್ತಿ ಹೇಳಿದ್ರು. ನಾನು ಮನೇಲಿ ಹೇಳ್ಲಿಲ್ಲ."

"ಮಗೂನ ತೊಟ್ಟಿಲಿಗೆ ಹಾಕಿದ್ರಾ ಉಸ್ತಾ?" ಹಿರಿಯ ಡಾಕ್ಟರು ಮೆಲ್ಲಗೆ ಕೇಳಿದರು.

"ಹಾಕಿದ್ವಿ."

"ಯಾರು ಹಾಕಿದ್ದು?"

"ತೊಟ್ಟಿಲು ನಂದು" ಅಂದ ಹೋಲ್ಮತ್. ಅದಕ್ಕಿಂತ ಹೆಚ್ಚು ಅವನ ಬಾಯಿಂದ ಹೊರಡಿಸಲು ಅವರಿಗೆ ಆಗಲಿಲ್ಲ.

ಸಾಬಿರ್ ಟೋಪಿ ತೆಗೆದುಕೊಂಡು ಹೊರಟುಹೋದ. ಮವ್ಲುದಾ ಮಗುವನ್ನು ಎದೆಗವಚಿಕೊಂಡು ಅವನ ಹಿಂದೆ ಹೋದಳು.

ವಿಚಾರಣೆಯವರು ಬರೆದದ್ದು ಹೀಗೆ. ಆಪರೇಷನ್‌ನಲ್ಲಿ ತಪ್ಪಿಲ್ಲ. ಕೀಲು ಜಾರುವುದು ಮೊದಲೇ ಹೇಳಿದ್ದ ಅಪಾಯ. ತೊಟ್ಟಿಲಿಗೆ ಕಟ್ಟಿದ್ದರಿಂದಲೇ ಜಾರಿತೋ ತಾನಾಗಿ ಜಾರಿತೋ ಹೇಳಲಾಗದು. ಆದರೆ ಎಚ್ಚರಿಕೆಯನ್ನು ತಾಯಿಗೇ ಹೇಳಬೇಕಿತ್ತು, ಕಾಗದವನ್ನು ಮನೆಯವರು ಓದುವ ಭಾಷೆಯಲ್ಲಿ ಕೊಡಬೇಕಿತ್ತು.

ನುರಿದ್ದೀನ್ ಡಾಕ್ಟರು ಗೇಟಿನವರೆಗೂ ಹೋಲ್ಮತ್‌ನ ಜೊತೆ ನಡೆದರು.

"ನಂದೂ ತಪ್ಪಿದೆ ಉಸ್ತಾ. ನಿಮಗೆ ಹೇಳಿ ಕೈ ತೊಳ್ಕೊಂಡೆ. ಆ ಹುಡುಗಿಗೇ ಹೇಳ್ಬೇಕಿತ್ತು." ಸ್ವಲ್ಪ ದೂರ ಹೋಗಿ ಮತ್ತೆ ಅಂದರು. "ತೊಟ್ಟಿಲಿಗೆ ಹಾಕದಿದ್ರೂ ಜಾರ್ತಿತ್ತೇನೋ. ಸಮಾಧಾನಕ್ಕೆ ಹೇಳ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ."

"ಗೊತ್ತಾಗಿದ್ರೆ ಚೆನ್ನಾಗಿತ್ತು" ಅಂದ ಹೋಲ್ಮತ್.

ಮನೆಯಲ್ಲಿ ಓಯ್ನಿಸಾ ಒಲೆಯ ಮುಂದೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ಪಟ್ಟಿ ಬಿಚ್ಚಬಾರದು ಅಂದ್ರಿ ಅಷ್ಟೇ. ತೊಟ್ಟಿಲೇ ಬೇಡ ಅಂದಿದ್ದಾರೆ ಅಂತ ಒಂದು ಮಾತು ಹೇಳಿದ್ರೆ ನಾನು ಕಟ್ತಿದ್ನಾ? ಮಗು ಅಳ್ತಿತ್ತು. ಅದಕ್ಕೆ ನಿದ್ದೆ ಬರ್ಲಿ ಅಂತ ಕಟ್ಟಿದೆ. ನಲವತ್ತು ವರ್ಷ ನಿಮ್ಮ ಮೌನಾನೇ ಉಂಡ್ಕೊಂಡು ಬದುಕಿದೆ, ಒಂದಿನ ಕೇಳ್ಲಿಲ್ಲ. ಅವತ್ತೊಂದಿನ ಬಾಯಿ ಬಿಡೋಕಾಗ್ಲಿಲ್ವಾ?"

ಹೋಲ್ಮತ್ ನಿಂತೇ ಇದ್ದ. ಅವಳು ಅತ್ತು ಮುಗಿಸಿ, ಎದ್ದು, ಒಲೆ ಹಚ್ಚಿದಳು.

ಸಾಬಿರ್ ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟ. ಒಂದೇ ಅಂಗಳ, ಒಂದೇ ನಲ್ಲಿ. ಬೆಳಿಗ್ಗೆ ಎದುರಾದಾಗ ಎದೆಗೆ ಕೈಯಿಟ್ಟು ತಲೆ ಬಾಗಿಸುತ್ತಿದ್ದ. ಅಪ್ಪನಿಗೆ ಮಾಡಬೇಕಾದ ಮರ್ಯಾದೆ ಅದು, ಅದನ್ನು ತಪ್ಪಿಸಲಿಲ್ಲ. ತುಟಿ ಮಾತ್ರ ಅಲುಗುತ್ತಿರಲಿಲ್ಲ.

ಹೋಲ್ಮತ್ ತೊಟ್ಟಿಲು ಮಾಡುವುದನ್ನು ಬಿಡಲಿಲ್ಲ, ಬೇರೆ ಕೆಲಸ ಅವನಿಗೆ ಬರುವುದಿಲ್ಲ. ಆದರೆ ಕೊಳ್ಳಲು ಬಂದವರಿಗೆಲ್ಲ ಒಂದು ಪ್ರಶ್ನೆ ಕೇಳತೊಡಗಿದ.

"ಮಗುವಿನ ಕಾಲು ಡಾಕ್ಟರಿಗೆ ತೋರಿಸಿದ್ದೀರಾ? ಮೊದಲು ತೋರಿಸಿ. ಆಮೇಲೆ ತೊಗೊಳ್ಳಿ."

ಶುಭಕ್ಕೆ ಬಂದವರಿಗೆ ಅದು ಅಪಶಕುನದ ಹಾಗೆ ಕೇಳಿಸುತ್ತಿತ್ತು. ಮುಖ ಸಿಂಡರಿಸಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದರು.

"ಏನ್ ಉಸ್ತಾ, ಬಾಯಿ ಬಂದಿದ್ದು ಬಂತು, ಗಿರಾಕಿ ಓಡ್ಸೋಕೇ ಬಂತಾ?" ಅಂದ ತೋಜಿ. ಹೋಲ್ಮತ್ ತಿರುಗಿ ನೋಡಿದ. ಸಂಜೆ ತೋಜಿ ತನ್ನ ಲಟ್ಟಣಿಗೆಯ ಕೆಲಸದಲ್ಲಿ ಅರ್ಧವನ್ನು ತಂದು ಉಸ್ತಾನ ಬಾಗಿಲಲ್ಲಿಟ್ಟ. "ನಂಗೆ ಕೈನೋವು. ನೀನು ಮಾಡು" ಅಂದ. ಅವನ ಕೈಗೆ ಯಾವ ನೋವೂ ಇರಲಿಲ್ಲ.

ತಾಷ್ಕೆಂಟಿನಲ್ಲಿ ಎರಡನೇ ಆಪರೇಷನ್ ಆಯಿತು. ಈ ಸಲ ಕೀಲು ನಿಂತಿತು. ಎಡಗಾಲು ಮಾತ್ರ ಒಂದು ಬೆರಳು ಗಿಡ್ಡವಾಯಿತು. ಮೂರು ವರ್ಷಕ್ಕೆ ಝೆಬೋ ಎಡಕ್ಕೆ ವಾಲುತ್ತ ನಡೆದಳು. ಮೋಚಿ ಎತ್ತರದ ಅಟ್ಟೆ ಹಾಕಿಕೊಟ್ಟ ಬೂಟು ಭಾರವಾಗಿ ಮಗು ಅದನ್ನು ಕಿತ್ತೆಸೆಯುತ್ತಿತ್ತು. ಒಂದು ಬೆಳಿಗ್ಗೆ ಹೋಲ್ಮತ್ ಅಂಗಡಿ ತೆರೆದಾಗ ಹೊಸ್ತಿಲ ಮೇಲೆ ಆ ಚಿಕ್ಕ ಎಡಬೂಟು ಇತ್ತು. ಯಾರು ಇಟ್ಟರು ಎಂದು ಅವನು ಕೇಳಲಿಲ್ಲ. ಹಗುರ ಮರ ಬೇಕು ಎಂದು ವಿಲೋ ಮರದ ತುಂಡು ತಂದು, ಒಳಗಿನಿಂದ ಕೊರೆದು, ಬೆರಳು ದಪ್ಪದ ಅಟ್ಟೆ ಮಾಡಿ ಕೂಡಿಸಿ ಅದೇ ಹೊಸ್ತಿಲ ಮೇಲಿಟ್ಟ. ಸಂಜೆಗೆ ಬೂಟು ಅಲ್ಲಿರಲಿಲ್ಲ. ಮಾರನೆ ದಿನ ಝೆಬೋ ಅದನ್ನು ಹಾಕಿಕೊಂಡು ಕೋಳಿ ಅಟ್ಟುತ್ತಿದ್ದಳು.

ಹಾಗೇ ನಡೆಯಿತು. ಮಗು ಬೆಳೆದಾಗೆಲ್ಲ ಹೊಸ್ತಿಲ ಮೇಲೆ ದೊಡ್ಡ ಬೂಟು ಬರುತ್ತಿತ್ತು, ಹೋಗುತ್ತಿತ್ತು. ಮಾತಿರಲಿಲ್ಲ.

ಝೆಬೋ ಶಾಲೆಗೆ ಸೇರುವ ಹಿಂದಿನ ದಿನ ಸಾಬಿರ್ ಬಿಳಿ ಬೂಟು ಹಿಡಿದು ಬಂದ. ಹೊಸ್ತಿಲ ಮೇಲೆ ಇಟ್ಟು ಹೋಗಲಿಲ್ಲ. ಬೆಳಿಗ್ಗೆಯೇ ಬೇಕಿತ್ತು, ಕಾಯಬೇಕಿತ್ತು. ಒಳಗೆ ಬಂದು ಮರದ ತುಂಡಿನ ಮೇಲೆ ಕೂತ.

"ಎಷ್ಟು ದಪ್ಪ?" ಕೇಳಿದ ಹೋಲ್ಮತ್.

ಸಾಬಿರ್ ಬೆರಳು ಹಿಡಿದು ತೋರಿಸಿದ. ಒಂದೂವರೆ ಬೆರಳು. ಹೋದ ವರ್ಷ ಒಂದೇ ಇತ್ತು.

ಹೋಲ್ಮತ್ ಉಳಿ ಹಿಡಿದು ಕೊರೆಯುತ್ತ ಕೂತ. ಮರದ ಚೂರುಗಳು ಮಂಡಿಯ ಮೇಲೆ ಬಿದ್ದವು. ವಿಚಾರಣೆಯಲ್ಲಿ ಅವನು ಹೇಳಿದ್ದು ಡಾಕ್ಟರ ಮಾತು, ತೊಟ್ಟಿಲಿಗೆ ಹಾಕಿದ್ದು, ಅಷ್ಟೇ. ಹಾಕಿದ್ದು ತನಗೆ ಯಾವಾಗ ತಿಳಿಯಿತು ಎಂಬುದು ಒಳಗೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ, ಓಯ್ನಿಸಾಗೂ ಗೊತ್ತಿರಲಿಲ್ಲ.

"ನಂಗೆ ಕೇಳಿಸಿತ್ತು ಸಾಬಿರ್" ಅಂದ ತಲೆ ಎತ್ತದೆ. "ತೊಟ್ಟಿಲು ತೂಗೋ ಸದ್ದು. ಮೊದಲನೇ ದಿನಾನೇ. ಲೇತು ನಿಲ್ಲಿಸಿ ಬಾಗಿಲವರೆಗೂ ಬಂದೆ. ಆಮೇಲೆ ವಾಪಸ್ ಹೋಗಿ ಕೂತೆ."

ಸಾಬಿರ್ ಅಂಗಳದ ಕಡೆ ನೋಡಿದ. ಹನ್ನೆರಡು ಹೆಜ್ಜೆ. ಝೆಬೋ ಒಂದೇ ಬೂಟಿನಲ್ಲಿ ಕುಂಟುತ್ತ ಅಜ್ಜಿಗೆ ನಲ್ಲಿಯಿಂದ ನೀರು ಹಿಡಿದು ಕೊಡುತ್ತಿದ್ದಳು. ಅವನು ಅಪ್ಪನ ಕಡೆ ತಿರುಗಲಿಲ್ಲ. ಎದ್ದು ಹೋಗಲೂ ಇಲ್ಲ.

ಅಟ್ಟೆ ಮುಗಿಯಿತು. ಹೋಲ್ಮತ್ ಬೂಟನ್ನು ಮಗನ ಕೈಗೆ ಕೊಟ್ಟ. ಸಾಬಿರ್ ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಸವರಿ ನೋಡಿ, ಒಂದು ಕಡೆ ನಿಲ್ಲಿಸಿದ.

"ಇಲ್ಲಿ ಇನ್ನೊಂದು ಚೂರು ಉಜ್ಜಿ" ಅಂದ. "ಚುಚ್ಚುತ್ತೆ ಅವಳಿಗೆ."

ಹೋಲ್ಮತ್ ಬೂಟು ವಾಪಸು ತೆಗೆದುಕೊಂಡು ಉಜ್ಜತೊಡಗಿದ.